ನೀರು ಹಾಕಿದವರು

ಕಲ್ಕತ್ತೆಯ ಬೆಹಾಲಾದ ಬಸ್ಸಿನಲ್ಲೋ ಮೀನಿನ ಮಾರುಕಟ್ಟೆಯಲ್ಲೋ ಯಾರಾದರೂ ಕಣ್ಣು ಕಿರಿದು ಮಾಡಿ, "ದಾದಾ, ನೀವು ಆ ಹಾಕಿ ಟೀಮಿನ ಕೋಚ್ ಅಲ್ಲವೇ?" ಎಂದು ಕೇಳಿದರೆ ಅವರು ಕ್ಷಣವೂ ತಡವರಿಸದೆ, "ಅಲ್ಲ, ಅವರು ನಮ್ಮಣ್ಣ" ಎನ್ನುತ್ತಿದ್ದರು. ಅವರಿಗೆ ಅಣ್ಣನಿರಲಿಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಅವರೇ ಹಿರಿಯ ಮಗ. ಆದರೂ ಆ ಇಲ್ಲದ ಅಣ್ಣನನ್ನು ಅವರು ಬಹಳ ವರ್ಷ ಸಾಕಿದರು. ಅವನಿಗೆ ಮದುವೆ ಮಾಡಿಸಿದರು, ಸಕ್ಕರೆ ಕಾಯಿಲೆ ತರಿಸಿದರು. ಕೊನೆಗೆ ನಮ್ಮ ಬೀದಿಯ ಔಷಧಿ ಅಂಗಡಿಯವನು ಅಣ್ಣನ ಆಟೋಗ್ರಾಫ್ ಬೇಕೆಂದು ತೀರಾ ಕಾಡಿದಾಗ, ಹೃದಯಾಘಾತದಿಂದ ಅವನನ್ನು ಸಾಯಿಸಿಯೂ ಬಿಟ್ಟರು. ಅಂಗಡಿಯವನು ಸಂತಾಪ ಸೂಚಿಸಿದ. ಅವರು ಕೈಮುಗಿದು ಸ್ವೀಕರಿಸಿದರು.

ಈಚೆಗೆ ಅವರೇ ತೀರಿಕೊಂಡಾಗ ಅದೇ ಅಂಗಡಿಯವನು ನನ್ನ ಕೈ ಹಿಡಿದು, "ಅಣ್ಣನ ಹಾಗೇ ತಮ್ಮನೂ ಹೃದಯದಿಂದಲೇ ಹೋದರಲ್ಲ" ಎಂದು ಮರುಗಿದ. ನಾನು ತಿದ್ದಲಿಲ್ಲ. ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಷ್ಟು ದಿನ ಮುಚ್ಚಿಟ್ಟುಕೊಂಡ ಹೆಸರನ್ನು ಬಿಚ್ಚಿಡಲು ನನಗೇನು ಹಕ್ಕು?

ನಾನು ಕುಂದಾಪುರದ ಕಡೆಯವನು, ಬ್ಯಾಂಕಿನ ಪರೀಕ್ಷೆ ಬರೆದು ಕಲ್ಕತ್ತೆಗೆ ಬಂದು ಬಿದ್ದವನು. ಅವರು ಹಾಕಿ ಆಡಿ ಅದೇ ಬ್ಯಾಂಕಿಗೆ ಬಂದವರು. ಹಿಂದೆ ನಮ್ಮ ಬ್ಯಾಂಕಿಗೆ ಒಂದು ಹಾಕಿ ತಂಡವಿತ್ತು, ಆ ತಂಡಕ್ಕೆ ಅವರು ಗೋಲ್‌ಕೀಪರ್, ಆಮೇಲೆ ಕೋಚ್. ಕ್ಯಾಶ್ ಕೌಂಟರಿನಲ್ಲಿ ಕೂತರೂ ಕಾಲುಗಳು ಗೋಲ್ ಕಾಯುವ ಭಂಗಿಯಲ್ಲೇ ಇರುತ್ತಿದ್ದವು. ನಾಣ್ಯವೊಂದು ಮೇಜಿನಿಂದ ಉರುಳಿದರೆ ನೆಲ ಮುಟ್ಟುವ ಮೊದಲೇ ಪಾದ ಅಲ್ಲಿಗೆ ಹೋಗಿ ನಿಂತಿರುತ್ತಿತ್ತು. ಬೆಹಾಲಾದಲ್ಲಿ ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಮನೆ ಮಾಡಿದೆವು. ನಡುವೆ ಎರಡು ಮಹಡಿಗಳ ಅಂತರ, ಭಾಷೆಯಲ್ಲಿ ಅದಕ್ಕಿಂತ ಹೆಚ್ಚು. ಅವರ ಗದಗಿನ ಕನ್ನಡ ನನ್ನ ಮಕ್ಕಳಿಗೆ ತಮಾಷೆ, ನನ್ನ ಕುಂದಾಪುರದ ಕನ್ನಡ ಅವರ ಮನೆಯವರಿಗೆ ಒಗಟು.

ಸಂಜೆ ಕಟ್ಟಡದ ಮುಂದೆ ಝಾಲ್‌ಮುಡಿಯವನು ಮಂಡಕ್ಕಿಯ ಡಬ್ಬ ಕುಲುಕುತ್ತಾ ಬಂದರೆ ಅವರು ಕೆಳಗಿಳಿದು, ತಿಂದು, ಪ್ರತಿ ಸಲವೂ ಅದೇ ತೀರ್ಪು ಕೊಡುತ್ತಿದ್ದರು.

"ಅಲ್ರೀ ಶೆಟ್ರ, ಈ ಮಂದಿ ಚಲೋ ಮಂದಿ. ಆದ್ರ ಗಿರಮಿಟ್ಟಿಗೆ ಉಳ್ಳಾಗಡ್ಡಿ ಹಸೀದ ಹಾಕ್ತಾರ. ಒಗ್ಗರಣಿ ಇಲ್ಲ, ಹುಣಸಿಹಣ್ಣಿಲ್ಲ. ಇದು ಗಿರಮಿಟ್ ಅಲ್ಲ, ಗಿರಮಿಟ್ಟಿನ ತಯಾರಿ."

"ಅವ್ರು ಗಿರ್ಮಿಟ್ ಮಾಡ್ತಿದ್ದಾರೆ ಅಂತ ನಿಮಗೆ ಯಾರು ಹೇಳಿದ್ದು ಮಾರಾಯ್ರೆ?"

"ಅವ್ರಿಗೆ ಗೊತ್ತಿಲ್ರೀ, ಪಾಪ."

ಇಂಥ ಮನುಷ್ಯ ಇಲ್ಲದ ಅಣ್ಣನೊಬ್ಬನನ್ನು ಸೃಷ್ಟಿಸಬೇಕಾದರೆ ಅದಕ್ಕೊಂದು ಕಾರಣವಿರಬೇಕು. ಕಾರಣ, ಚಿನ್ನದ ಲೀಗು.

ಆ ಲೀಗಿನ ಪೂರ್ತಿ ಹೆಸರು ಒಂದೇ ಉಸಿರಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಆಟಗಾರರ ಅಂಗಿಯೆಲ್ಲ ಚಿನ್ನದ ಬಣ್ಣದ್ದಾಗಿದ್ದರಿಂದ ನಾವು ಚಿನ್ನದ ಲೀಗು ಎಂದೆವು. ಕೊಡೆ ಮಾರಿ ಶ್ರೀಮಂತನಾದ ಒಬ್ಬ ವ್ಯಾಪಾರಿಗೆ ಒಂದು ಬೆಳಗ್ಗೆ, ಭಾರತದ ಹಾಕಿಯನ್ನು ತಾನೇ ಉದ್ಧಾರ ಮಾಡಬೇಕೆಂದು ಹೊಳೆಯಿತು. ಹಾಕಿಗೆ ಅದಾಗಲೇ ಒಂದು ಅಧಿಕೃತ ಸಂಸ್ಥೆ ಇತ್ತು. ಆ ಸಂಸ್ಥೆಗೂ ಅದೇ ಕೆಲಸ ತನ್ನದೆಂಬ ಭಾವನೆಯಿತ್ತು. ಹೀಗೆ ಒಂದೇ ರೋಗಿಗೆ ಇಬ್ಬರು ವೈದ್ಯರು ಹಾಜರಾದರು. ಕೊಡೆ ವ್ಯಾಪಾರಿಯ ಲೀಗಿಗೆ ಹೋದವರಿಗೆ ತನ್ನ ಬಾಗಿಲು ಮುಚ್ಚಿದೆ ಎಂದು ಸಂಸ್ಥೆ ಸಾರಿತು. ಕೊಡೆ ವ್ಯಾಪಾರಿ, ತನ್ನ ಲೀಗಿಗೆ ಬಾಗಿಲೇ ಇಲ್ಲ, ಬರೀ ಕಮಾನುಗಳು ಎಂದು ಉತ್ತರ ಕೊಟ್ಟ. ಅದು ನಿಜವೂ ಆಗಿತ್ತು.

ಸರ್ಕಾರದ ಮೈದಾನಗಳಾವುವೂ ಸಿಗದ ಕಾರಣ ನ್ಯೂ ಟೌನಿನ ಖಾಲಿ ಜಾಗವೊಂದರಲ್ಲಿ, ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಡೆ, ಬಿದಿರು ಮತ್ತು ಬಟ್ಟೆಯಿಂದ ಸ್ಟೇಡಿಯಂ ಎದ್ದಿತು. ಕಲ್ಕತ್ತೆಯಲ್ಲಿ ಅದೇನೂ ಕಷ್ಟವಲ್ಲ. ದುರ್ಗಾಪೂಜೆಗೆ ಅರಮನೆ, ವಿಮಾನ, ಹಿಮಾಲಯ ಎಲ್ಲವನ್ನೂ ಬಿದಿರಿನಲ್ಲಿ ಕಟ್ಟುವ ಜನ ಇಲ್ಲಿ ಬೀದಿಗೊಬ್ಬರಿದ್ದಾರೆ. ನಮ್ಮ ಬೀದಿಯವರು ನಿತಾಯ್ ಬಾಬು. ಸ್ಟೇಡಿಯಮ್ಮಿನ ಗುತ್ತಿಗೆ ಅವರಿಗೇ ಸಿಕ್ಕಿತು. ಪ್ರೇಕ್ಷಕರ ಅಟ್ಟಣೆ, ಕಮಾನು, ಆಟಗಾರರ ಕೋಣೆ ಎಲ್ಲ ಕಟ್ಟಿ, ನಡುವೆ ಮದುವೆ ಮನೆಯ ಹಸಿರು ಕಾರ್ಪೆಟ್ಟುಗಳನ್ನು ಒಂದಕ್ಕೊಂದು ಹೊಲಿದು ಹಾಕಿ ಮೈದಾನವನ್ನೇ ಹಾಸಿಬಿಟ್ಟರು. ದೂರದಿಂದ ನೋಡಿದರೆ ಒಲಿಂಪಿಕ್ಸ್ ಇಲ್ಲೇ ನಡೆಯಲಿದೆ ಅನ್ನಿಸುತ್ತಿತ್ತು.

ನಮ್ಮ ಊರಿನ ತಂಡಕ್ಕೆ 'ಇಲಿಶ್ ವಾರಿಯರ್ಸ್' ಎಂದು ನಾಮಕರಣವಾಯಿತು. ಇಲಿಶ್ ಎಂದರೆ ಬಂಗಾಳಿಗಳು ಪ್ರಾಣ ಕೊಡುವ ಆ ಮುಳ್ಳಿನ ಮೀನು. ಒಬ್ಬ ಮೀನಿನ ವೇಷ ತೊಟ್ಟು ಗೆರೆಯ ಹೊರಗೆ ಕುಣಿಯುತ್ತಿದ್ದ. ಮೊದಲ ಪಂದ್ಯದಲ್ಲಿ ಸೆಖೆಗೆ ಮೂರ್ಛೆ ಹೋದ, ಜನ ಅದೂ ಕುಣಿತವೆಂದು ಚಪ್ಪಾಳೆ ತಟ್ಟಿದರು. ಗೋಲ್ ಬಿದ್ದರೆ ಪೂಜೆಯ ದೊಡ್ಡ ಡೋಲು, ಢಾಕ್ ಬಾರಿಸುತ್ತಿದ್ದರು, ಢಾಕ್ ನಿಲ್ಲುವುದರೊಳಗೆ ಇನ್ನೊಂದು ಗೋಲ್ ಹೊಡೆದರೆ ಅದಕ್ಕೆ ಎರಡರ ಲೆಕ್ಕ. ಢಾಕ್ ಯಾವಾಗ ನಿಲ್ಲಿಸಬೇಕೆಂಬ ನಿಯಮ ಮಾತ್ರ ಇರಲಿಲ್ಲ. ಲುಧಿಯಾನದ ತಂಡದ ವಿರುದ್ಧ ಢಾಕಿನವನು ಅಭಿಮಾನದಿಂದ ಬಾರಿಸುತ್ತಲೇ ಇದ್ದ, ಅಂಪೈರ್ ಓಡಿ ಹೋಗಿ ಅವನ ಕೋಲು ಹಿಡಿದುಕೊಳ್ಳಬೇಕಾಯಿತು. ತಂಡಗಳ ನಾಯಕರು ಕೈಗಾಡಿ ರಿಕ್ಷಾದಲ್ಲಿ ಕೂತು ಮೈದಾನಕ್ಕೆ ಬರುತ್ತಿದ್ದರು. ಅಂಪೈರುಗಳ ಕೋಟಿನ ಬೆನ್ನ ಮೇಲೆ ಸೊಳ್ಳೆ ಬತ್ತಿಯ ಜಾಹೀರಾತು.

ಈ ಇಲಿಶ್ ವಾರಿಯರ್ಸಿಗೆ ಇವರು ಕೋಚ್. ಬ್ಯಾಂಕಿನಿಂದ ಸಂಬಳವಿಲ್ಲದ ರಜೆ ಹಾಕಿ ಹೋದರು. ಯಾಕೆ ಹೋದಿರಿ ಎಂದು ಆಗಲೇ ಕೇಳಿದ್ದೆ.

"ಶೆಟ್ರ, ನಾ ಆಡಿದ ಯಾವ ಮ್ಯಾಚಿಗೂ ಮಂದಿ ಬಂದಿಲ್ಲ. ಮೈದಾನದಾಗ ನಾವು, ಹೊರಗ ಮೇಯೋ ಕುರಿ. ಒಮ್ಮೆ ಮಂದಿ ಕೂಗೋದು ಕೇಳಬೇಕನಸ್ತು."

ತಂಡಕ್ಕೆ ಅವರು ಹುಡುಕಿ ತಂದ ರತ್ನವೆಂದರೆ ಮಾರ್ಕಸ್. ಜಾರ್ಖಂಡಿನ ಸಿಮ್ಡೇಗಾದವನು, ಎಡ ತುದಿಯಲ್ಲಿ ಆಡುವವನು. ಅವನು ಚೆಂಡು ಹಿಡಿದು ಓಡಿದರೆ ಎದುರಾಳಿಗಳು ಮದುವೆಯ ದಿಬ್ಬಣಕ್ಕೆ ದಾರಿ ಬಿಟ್ಟಂತೆ ಬಿಟ್ಟುಬಿಡುತ್ತಿದ್ದರು. ರಾಷ್ಟ್ರೀಯ ಶಿಬಿರಕ್ಕೆ ಇಂದೋ ನಾಳೆಯೋ ಕರೆ ಬರುತ್ತದೆ ಎನ್ನುವ ಹೊತ್ತಿನಲ್ಲಿ ಇವರು ಅವನ ಊರಿಗೇ ಹೋಗಿ, ಅವನ ತಾಯಿಯ ಮುಂದೆ ಕೂತು, ನಾನಿದ್ದೇನೆ ಎಂದು ಮಾತು ಕೊಟ್ಟು ಕರೆತಂದಿದ್ದರು.

ಮೂರನೆಯ ಪಂದ್ಯ ಬೆಂಗಳೂರಿನ ತಂಡದ ಮೇಲೆ. ನಮ್ಮ ಕನ್ನಡ ಸಂಘ ಬಸ್ಸು ಮಾಡಿಕೊಂಡು ಹೊರಟಿತು. ಯಾರಿಗೆ ಜೈ ಎನ್ನುವುದೆಂಬ ಬಗ್ಗೆ ಬಸ್ಸಿನಲ್ಲಿ ಗಂಭೀರ ಚರ್ಚೆ ನಡೆದು, ಆಟಗಾರರಲ್ಲಿ ಬೆಂಗಳೂರಿಗೂ ಕೋಚಿನಲ್ಲಿ ಕಲ್ಕತ್ತೆಗೂ ಬೆಂಬಲ ಎಂಬ ನಿರ್ಣಯವಾಯಿತು. ಪಂದ್ಯಕ್ಕೆ ಮೊದಲು ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, 'ಹಾಕಿ ಕಲಿ' ಎಂಬ ಬಿರುದನ್ನೂ ಕೊಟ್ಟೆವು. ಆ ಪೇಟದಲ್ಲಿ ಅವರು ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದರು.

ಆ ಬೆಳಗ್ಗೆ ನಡೆದದ್ದು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ. ಆದರೂ ಅದನ್ನು ಅದರ ಜಾಗದಲ್ಲೇ ಹೇಳಿಬಿಡುತ್ತೇನೆ. ಮೊದಲ ಎರಡು ಪಂದ್ಯಗಳಲ್ಲಿ ಒಣ ಕಾರ್ಪೆಟ್ಟಿನ ಮೇಲೆ ಬಿದ್ದ ಆಟಗಾರರ ಮಂಡಿ, ಮೊಣಕೈ ಸುಟ್ಟಂತೆ ತರಚಿಹೋಗಿದ್ದವು. ಹಾಕಿ ಬಲ್ಲವರಿಗೆಲ್ಲ ಗೊತ್ತು, ಹಸಿರು ಹಾಸಿನ ಮೇಲೆ ಆಟಕ್ಕೆ ಮೊದಲು ನೀರು ಬಿಡಬೇಕು. ಕೊಡೆ ವ್ಯಾಪಾರಿ ಸ್ವಭಾವತಃ ನೀರಿನ ವಿರೋಧಿ, ಅದರ ವ್ಯವಸ್ಥೆ ಮಾಡಿರಲಿಲ್ಲ. ಇವರು ಪಕ್ಕದ ಕಟ್ಟಡದ ಕೆಲಸಗಾರರಿಂದ ಪೈಪು ಕೇಳಿ ತಂದು, ಇಡೀ ಮೈದಾನಕ್ಕೆ ತಾವೇ ನೀರುಣಿಸಿದರು. ಕಾರ್ಪೆಟ್ ಜಾರದಿರಲೆಂದು ಅದರ ಅಡಿಗೆ ನಿತಾಯ್ ಬಾಬು ಗೋಣಿತಟ್ಟು ಕೊಟ್ಟು ಹೊಲಿದಿದ್ದರು. ಪೆಂಡಾಲಿನ ಕಸುಬಿನಲ್ಲಿ ನೆಲಕ್ಕೆ ನೀರು ಬಿಡುವ ಹುಚ್ಚು ಯಾರಿಗೂ ಇರುವುದಿಲ್ಲ, ಹಾಗಾಗಿ ಅವರು ಹೇಳಲಿಲ್ಲ. ಹಾಕಿಯ ಕಸುಬಿನಲ್ಲಿ ಹಾಸಿನ ಅಡಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ, ಹಾಗಾಗಿ ಇವರು ಕೇಳಲಿಲ್ಲ.

ಗೋಣಿ ಮಧ್ಯಾಹ್ನವೆಲ್ಲ ನೀರು ಕುಡಿದು ಮುದುಡಿತು. ಆಟ ಶುರುವಾಗುವ ಹೊತ್ತಿಗೆ ಹೊಲಿಗೆ ಇದ್ದಲ್ಲೆಲ್ಲ ಕಾರ್ಪೆಟ್ ಸುಕ್ಕಾಗಿ ಏಳತೊಡಗಿತ್ತು. ಬೆಂಗಳೂರಿನವರು ಹೊಡೆದ ಚೆಂಡು ಒಂದು ದಿಬ್ಬ ಹತ್ತಿ, ಇಳಿದು, ಯೋಚಿಸಿ, ಹೊಡೆದವನ ಬಳಿಗೇ ಹಿಂದಿರುಗಿತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಢಾಕಿನವನು ಗೊಂದಲದಲ್ಲಿ ಬಾರಿಸಿಬಿಟ್ಟ. ಆಗ ಎಡ ತುದಿಯಿಂದ ಮಾರ್ಕಸ್ ಓಡಿ ಬಂದ. ಅವನ ಮುಂಗಾಲು ಸುಕ್ಕಿನೊಳಗೆ ಸಿಕ್ಕಿಕೊಂಡಿತು, ದೇಹ ಮುಂದೆ ಹೋಯಿತು, ಮಂಡಿ ಹೋಗಲಿಲ್ಲ. ಅವನ ಕೂಗು ಕೇಳಿಸಿದ ಮೇಲೂ ನಮ್ಮ ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಲೀಗು ಅಲ್ಲಿಗೇ ಮುಗಿಯಲಿಲ್ಲ, ಕುಂಟುತ್ತಾ ಇನ್ನೊಂದಷ್ಟು ದಿನ ನಡೆದು ಕಣ್ಮರೆಯಾಯಿತು. ಕೊಡೆ ವ್ಯಾಪಾರಿ ಕೊಡೆಗೆ ಮರಳಿದ. ಅಧಿಕೃತ ಸಂಸ್ಥೆ ಹೇಳಿದಂತೆಯೇ ಬಾಗಿಲು ಮುಚ್ಚಿತು. ಮಾರ್ಕಸ್‌ಗೆ ಆ ಬಾಗಿಲು ತೆರೆದಿದ್ದರೂ ಒಳಗೆ ಓಡಿಹೋಗುವ ಕಾಲು ಉಳಿದಿರಲಿಲ್ಲ. ತಪ್ಪು ಯಾರದೆಂಬ ಪ್ರಶ್ನೆಗೆ ಸಂಘಟಕರು ಅದೇ ಸಂಜೆ ಉತ್ತರ ಕಂಡುಕೊಂಡರು: ಅಗ್ಗದ ಗೋಣಿ ಹಾಕಿ ಮೋಸ ಮಾಡಿದ ಪೆಂಡಾಲಿನವನದು. ಪತ್ರಿಕೆಯವರು ಇವರನ್ನೂ ಕೇಳಿದರು. ಇವರು, "ನೆಲ ಸರಿ ಇರಲಿಲ್ಲ" ಎಂದರು. ಅಷ್ಟೇ ಹೇಳಿದ್ದು. ಅದರಲ್ಲಿ ಸುಳ್ಳಿರಲಿಲ್ಲ ಎಂಬುದೇ ಆ ಮಾತಿನ ದೋಷ.

ಮರುವರ್ಷ ನಮ್ಮ ಬೀದಿಯ ಪೂಜೆಯ ಪೆಂಡಾಲು ಬೇರೆಯವರ ಪಾಲಾಯಿತು. ನಿತಾಯ್ ಬಾಬು ಅದರ ಮುಂದೆಯೇ ಇದ್ದ ತಮ್ಮ ಗೋದಾಮಿನಲ್ಲಿ ಕೂತು ಬಾಡಿಗೆಗೆ ಕುರ್ಚಿ ಕೊಡತೊಡಗಿದರು.

ಇವರು ಕೌಂಟರಿಗೆ ಮರಳಿದರು. ಅಣ್ಣ ಹುಟ್ಟಿದ್ದು ಆಗ. ಸಂಘದ ಕಾರ್ಯಕ್ರಮಗಳಲ್ಲಿ ಕೊನೆಯ ಸಾಲಿಗೆ ಹೋದರು. ನಿವೃತ್ತಿಯ ದಿನ ಮ್ಯಾನೇಜರು ಶಾಲು, ಹಾರ ಸಿದ್ಧ ಮಾಡಿಕೊಂಡು ಕಾಯುತ್ತಿದ್ದರೆ ಇವರು ಹೊಟ್ಟೆನೋವೆಂದು ರಜೆ ಹಾಕಿದರು. ನಿವೃತ್ತಿಗೇ ಗೈರುಹಾಜರಾದ ನೌಕರನನ್ನು ನಾನು ಬೇರೆ ಕಂಡಿಲ್ಲ. ಮೀನಿನ ವೇಷದವನ ಕತೆ, ಢಾಕಿನವನ ಕತೆಯನ್ನೆಲ್ಲ ಮನೆಯೊಳಗೆ ಅವರೇ ಅಭಿನಯಿಸಿ ನಗಿಸುತ್ತಿದ್ದರು. ಮೂರನೆಯ ಪಂದ್ಯ ಹತ್ತಿರ ಬಂದರೆ ಮಾತ್ರ, "ಶೆಟ್ರ, ಅನ್ನಕ್ಕ ಏಳ್ರಿ" ಎಂದು ಎದ್ದುಬಿಡುತ್ತಿದ್ದರು.

ಹೋದ ವರ್ಷ ಸಂಘದವರೊಬ್ಬರ ಮಗಳು, ಜೋಕಾದಲ್ಲಿ ಮ್ಯಾನೇಜ್‌ಮೆಂಟ್ ಓದುವವಳು, ಮುಳುಗಿದ ಉದ್ಯಮಗಳ ಬಗ್ಗೆ ಕಿರುಚಿತ್ರ ಮಾಡಲು ಹೊರಟಳು. ಚಿನ್ನದ ಲೀಗಿಗಿಂತ ಚೆನ್ನಾಗಿ ಮುಳುಗಿದ್ದು ಅವಳಿಗೆ ಸಿಗಲಿಲ್ಲ. ಹಳೆಯ ಆಟಗಾರರನ್ನೆಲ್ಲ ನ್ಯೂ ಟೌನಿನ ಒಂದು ಸಭಾಂಗಣಕ್ಕೆ ಕರೆದಳು. ಮಾರ್ಕಸ್ ಬರುತ್ತಾನೆಂದು ತಿಳಿದ ಮೇಲೆ ಇವರು ಬರುವುದಿಲ್ಲವೆಂದರು. ಆ ಬೆಳಗ್ಗೆ ಮಾತ್ರ ಇಸ್ತ್ರಿಯ ಅಂಗಿ ಹಾಕಿ ನನ್ನ ಬಾಗಿಲಲ್ಲಿ ನಿಂತಿದ್ದರು. "ಬರ್ರಿ. ಒಬ್ಬನ ಹೋಗಾಕ ಆಗೂದಿಲ್ಲ."

ಮಾರ್ಕಸ್ ಈಗ ಊರಿನಲ್ಲಿ ಹುಡುಗಿಯರಿಗೆ ಹಾಕಿ ಕಲಿಸುತ್ತಾನೆ. ಓಡಲಾಗದ್ದರಿಂದ ಸೈಕಲ್ ಮೇಲೆ ಕೂತು ಗೆರೆಯುದ್ದಕ್ಕೂ ತುಳಿಯುತ್ತಾ ಕೂಗುತ್ತಾನಂತೆ. ಇವರ ಕಾಲು ಮುಟ್ಟಲು ಬಾಗಿದ, ಮಂಡಿ ಬಿಡಲಿಲ್ಲ, ಇವರೇ ಹಿಡಿದುಕೊಂಡರು. ಆಮೇಲೆ ಕ್ಯಾಮೆರಾದ ಮುಂದೆ ಅವನು ಕಾರ್ಪೆಟ್ಟಿನ ಕತೆಯನ್ನು ಹೇಳಿದ. ಅದ್ಭುತವಾಗಿ ಹೇಳಿದ. ದಿಬ್ಬ ಹತ್ತಿದ ಚೆಂಡನ್ನು ಕಣ್ಣಿಂದಲೇ ತೋರಿಸಿದ. "ಆ ಪೆಂಡಾಲಿನವನು ನಮಗೆ ಹಾಕಿಯ ಬದಲು ಪರ್ವತಾರೋಹಣ ಕಲಿಸಿದ" ಎಂದು ಮುಗಿಸಿದಾಗ ಸಭಾಂಗಣ ನಗುವಿನಲ್ಲಿ ಅಲ್ಲಾಡಿತು.

ನಗು ಇಳಿಯುವ ಮೊದಲೇ ಇವರು ಎದ್ದು ನಿಂತರು. ಹಿಂದಿಯಲ್ಲಿ, "ಪೆಂಡಾಲಿನವನ ತಪ್ಪಲ್ಲ. ನೀರು ಬಿಟ್ಟಿದ್ದು ನಾನು. ಯಾರನ್ನೂ ಕೇಳದೆ ಬಿಟ್ಟೆ. ಆಮೇಲೆ ಯಾರಿಗೂ ಹೇಳಲಿಲ್ಲ" ಎಂದರು. ದನಿ ಒಡೆದಿತ್ತು.

ಮಾರ್ಕಸ್ ತಲೆ ಕೆಳಗೆ ಹಾಕಿದ. "ಗೊತ್ತಿತ್ತು ಕೋಚ್ ಸಾಬ್. ಆ ದಿನ ನಾನು ಬೇಗ ಬಂದಿದ್ದೆ. ನೀವು ಹೇಳಲಿಲ್ಲ, ಅದಕ್ಕೇ ನಾನೂ ಹೇಳಲಿಲ್ಲ."

ಆಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜನ ತಮಗಾಗಿ ಕೂಗುವುದನ್ನು ಕೇಳಬೇಕೆಂದಿದ್ದ ಮನುಷ್ಯನಿಗೆ ಅದು ಕೇಳಿಸಿದ್ದು ಅಲ್ಲಿ. ಅಷ್ಟರಲ್ಲಿ ಆ ಹುಡುಗಿ ಓಡಿ ಬಂದಳು.

"ಅಂಕಲ್, ಸೋ ಸಾರಿ! ನಿಮ್ದು ಮೈಕ್ ಆನ್ ಇರ್ಲಿಲ್ಲ. ಇದೇ ಬೇಕು ನಂಗೆ. ಪ್ಲೀಸ್, ಇನ್ನೊಂದ್ಸಲ ಹೇಳ್ತೀರಾ? ಸೇಮ್ ಥರ?"

ಅವರು ಇನ್ನೊಂದು ಸಲ ಹೇಳಿದರು.

ವಾಪಸು ಬರುವಾಗ ಕ್ಯಾಬಿನಲ್ಲಿ, "ಶೆಟ್ರ, ಎರಡನೇ ಸಲ ಭಾಳ ಚಲೋ ಹೇಳಿದೆ. ನಡುವ ಒಂದೀಟು ನಿಂತು, ಉಸರ ತಗೊಂಡು ಹೇಳಿದೆ. ಹಂಗ ನಿಲ್ಲಬೇಕಂತ ನನಗ ಯಾರ ಕಲಿಸಿದ್ರು?" ಎಂದರು. ಕಿಟಕಿಯ ಕಡೆ ತಿರುಗಿಕೊಂಡರು.

ಮರುದಿನವೇ ನಿತಾಯ್ ಬಾಬುವಿನ ಗೋದಾಮಿಗೆ ಹೋದರು. ಕ್ಯಾಮೆರಾ ಇಲ್ಲದ ಕಡೆ, ಸಲ್ಲಬೇಕಾದವರ ಮುಂದೆ, ಮೂರನೆಯ ಸಲ ಹೇಳಿದರು. ಒಂದು ವಿಷಯವನ್ನು ಮಾತ್ರ ಅವರು ಊಹಿಸಿರಲಿಲ್ಲ. ನಿತಾಯ್ ಬಾಬು ನಂಬಲಿಲ್ಲ.

"ಬಿಡಿ ಕೋಚ್-ದಾ, ನನ್ನ ಮನಸ್ಸು ಹಗುರಾಗಲಿ ಅಂತ ಹೇಳುತ್ತಿದ್ದೀರಿ. ಆ ಮೈದಾನಕ್ಕೆ ತೆಳುವಾದ ಗೋಣಿ ಹಾಕಿದವನು ನಾನು. ಮಣ್ಣಿನ ತೇವ ಹತ್ತಿತು. ಅಷ್ಟೆಲ್ಲ ನೀರು ಯಾವ ತಲೆಯಿದ್ದವನು ಬಿಡುತ್ತಾನೆ?" ಎಂದು ಒಳಗಿನಿಂದ ಚಹಾ ತರಿಸಿ, ಸಂದೇಶ್ ಮಿಠಾಯಿ ತಿನ್ನಿಸಿ ಕಳಿಸಿದರು.

ಇವರು ಬಿಡುವವರಲ್ಲ. ಆಮೇಲೆ ಪ್ರತಿ ಭಾನುವಾರ ಹೋದರು. ಅಪರಾಧಿ ತಪ್ಪೊಪ್ಪಿಕೊಂಡು ಶಿಕ್ಷೆ ಬೇಡುವುದು, ನ್ಯಾಯಾಧೀಶರು ಉಪಚರಿಸಿ ಬೀಳ್ಕೊಡುವುದು. ಬರುತ್ತಾ ಬರುತ್ತಾ ಇವರ ಮುಖ ಇಳಿಯಿತು.

"ನಂಬವಲ್ರು ರೀ! ಒಂದು ಸಲ ಬಾಯಿ ತುಂಬ ಬೈದಿದ್ರ ಸಾಕಿತ್ತು. ಮಿಠಾಯಿ ಕೊಡ್ತಾರ. ಗಂಟಲಾಗ ಇಳಿಯೂದಿಲ್ಲ."

"ಮಾರ್ಕಸ್‌ಗೆ ಫೋನ್ ಮಾಡಿ ಮಾರಾಯ್ರೆ. ಅವ್ನು ಕಣ್ಣಾರೆ ಕಂಡವ."

"ಅವನ ಕಾಲ ತಗೊಂಡೆ. ಈಗ ಸಾಕ್ಷಿನೂ ತಗೊಳ್ಳಲಿ?"

"ಆ ಹುಡುಗಿ ತೆಗ್ದ ವಿಡಿಯೋ ಆದ್ರೂ ತೋರ್ಸಿ."

"ಅದು ಎರಡನೇ ಸಲದ್ದು, ಶೆಟ್ರ. ಅದನ್ನ ನೋಡಿದ್ರ ನಾನೂ ನಂಬೂದಿಲ್ಲ."

ಹೀಗೆ ನಂಬಿಸಲಾಗದೆಯೇ ಹೋದರು. ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಅಧ್ಯಕ್ಷರು, 'ಹಾಕಿ ಕಲಿ' ಬಿರುದನ್ನು ಎಲ್ಲಿಂದಲೋ ಹೆಕ್ಕಿ ತೆಗೆದು ಮತ್ತೊಮ್ಮೆ ಹೊದಿಸಿದರು. ಅವರಿದ್ದಿದ್ದರೆ ರಜೆ ಹಾಕುತ್ತಿದ್ದರು.

ಸಭೆಯ ನಂತರದ ಭಾನುವಾರ ಸುದ್ದಿ ಹೇಳಲೆಂದು ನಾನು ಗೋದಾಮಿಗೆ ಹೋದೆ. ನಿತಾಯ್ ಬಾಬುಗೆ ಆಗಲೇ ಗೊತ್ತಿತ್ತು. ಕಣ್ಣೊರೆಸಿಕೊಂಡು, "ಎಂಥ ದೊಡ್ಡ ಮನುಷ್ಯ! ನನಗೋಸ್ಕರ ಒಂದು ಸುಳ್ಳನ್ನು ಕಟ್ಟಿ, ಸಾಯುವವರೆಗೂ ಅದನ್ನೇ ಹೇಳಿದರು" ಎಂದರು.

ನನಗೆ ತಡೆಯಲಾಗಲಿಲ್ಲ. ಮಾರ್ಕಸ್‌ಗೆ ಫೋನು ಹಚ್ಚಿ, ವಿಷಯ ಹೇಳಿ, ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದೆ.

"ಹೌದು ದಾದಾ, ನಿಜ" ಎಂದ ಮಾರ್ಕಸ್. "ಪೈಪು ಅವರ ಕೈಯಲ್ಲಿತ್ತು. ಪ್ಯಾಂಟು ಮಡಚಿಕೊಂಡಿದ್ದರು. ಬಹಳ ಖುಷಿಯಲ್ಲಿದ್ದರು, ಶೀಟಿ ಹಾಕುತ್ತಾ ನೀರು ಬಿಡುತ್ತಿದ್ದರು."

"ಶೀಟಿ ಹಾಕುತ್ತಾ?"

"ಹೌದು."

ನಿತಾಯ್ ಬಾಬು ಫೋನಿನ ಹತ್ತಿರಕ್ಕೆ ಬಾಗಿದರು. "ಮಂಡಿ ಹೇಗಿದೆಯಪ್ಪಾ?" ಎಂದು ಕೇಳಿದರು. ಪರವಾಗಿಲ್ಲ ಎಂದ ಅವನು. ಫೋನು ಇಟ್ಟೆ.

ಆಮೇಲೆ ಅವರು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಗೋದಾಮಿನ ಕುರ್ಚಿಗಳೆಲ್ಲ ಕೇಳಿಸಿಕೊಳ್ಳುವಷ್ಟು ಜೋರಾಗಿ.

"ಛಿ, ಕೋಚ್-ದಾ, ಛಿ! ಶೀಟಿ ಹಾಕುತ್ತಿದ್ದಿರಾ? ನನ್ನನ್ನು ಒಂದು ಮಾತು ಕೇಳುವುದಕ್ಕೆ ಏನಾಗಿತ್ತು? ಅಟ್ಟಣೆಯ ಹಿಂದೆಯೇ ಮಲಗಿದ್ದೆನಲ್ಲ! ಆ ಹುಡುಗನ ಕಾಲು ಮುರಿದವನು ನಾನೇ ಅಂತ ಕಾಳಿಯ ಮುಂದೆ ಎಷ್ಟು ಸಲ ಅತ್ತಿದ್ದೇನೆ ಗೊತ್ತಾ? ಪೂಜೆಯ ದಿನ ನನ್ನ ಹೆಂಡತಿ, ಬೇರೆಯವನು ಕಟ್ಟಿದ ಪೆಂಡಾಲು ಕಾಣಬಾರದೆಂದು ಹಿಂದಿನ ಗಲ್ಲಿಯಿಂದ ಸುತ್ತಿ ಹೋಗುತ್ತಿದ್ದಳು. ಅದೇ ಗಲ್ಲಿಯಲ್ಲಿ ನೀವು ಎದುರು ಸಿಕ್ಕು ಅವಳಿಗೆ ನಮಸ್ಕಾರ ಮಾಡುತ್ತಿದ್ದಿರಿ! ಯಾವ ಮುಖದಿಂದ ಮಾಡಿದಿರಿ?"

ಕಣ್ಣು ನನ್ನ ಮೇಲಿತ್ತು, ಮಾತು ಅವರಿಗಿತ್ತು. ನಾನು ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿ ಕೇಳಿದೆ. ನಡುವೆ ಒಂದು ಸಲ, ಇವರು ಬದುಕಿದ್ದು ಇದನ್ನು ಕೇಳಿದ್ದರೆ ಎಷ್ಟು ಸಮಾ­ಧಾನಪಡುತ್ತಿದ್ದರು ಎನ್ನಿಸಿತು. ಎದುರಿಗೊಬ್ಬರು ಅಳುತ್ತಾ ಬೈಯುತ್ತಿರುವಾಗ ಅಂಥ ಯೋಚನೆ ಬಂದದ್ದಕ್ಕೆ ನಾಚಿಕೆಯೂ ಆಯಿತು.

ಬೈದು ಬೈದು ಅವರಿಗೆ ಏದುಸಿರು ಬಂತು. ನಾನು ಎದ್ದು ನಿಂತೆ.

"ಇನ್ನೂ ಮುಗಿದಿಲ್ಲ" ಎಂದರು ನಿತಾಯ್ ಬಾಬು. "ಮುಂದಿನ ಭಾನುವಾರ ಬನ್ನಿ."

ಬರುತ್ತೇನೆ ಎಂದೆ.